ಬೆರಳೆತ್ತರದ ಸೈನಿಕರಿಗೆ ಬಣ್ಣ ಹಚ್ಚುವುದು ಹೇಗೆ?



ನಮ್ಮ ಸಮಾಜ ವಿಜ್ಞಾನದ ಮೇಜಿನ ಮೇಲೆ ಉಳ್ಳಾಲದ ಕೋಟೆ ತಯಾರಾಗಿ ನಿಂತಿದೆ. ಥರ್ಮೋಕೋಲಿನ ಗೋಡೆ, ನೀಲಿ ಕಾಗದದ ಸಮುದ್ರ, ಪೋರ್ಚುಗೀಸರ ಎರಡು ಹಡಗು ಎಲ್ಲವೂ ಆಗಿದೆ. ಆದರೆ ಕೋಟೆ ಕಾಯಬೇಕಾದ ರಾಣಿ ಅಬ್ಬಕ್ಕನ ಸೈನಿಕರೂ, ಹಡಗಿನಿಂದ ಇಳಿಯಬೇಕಾದ ಶತ್ರುಗಳೂ ಒಟ್ಟು ನಲವತ್ತು ಮಂದಿ ಇನ್ನೂ ಕಪಾಟಿನ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲೇ ಇದ್ದಾರೆ. ಏಳನೆಯ ಮತ್ತು ಎಂಟನೆಯ ತರಗತಿಯವರು ಗದ್ದೆಯ ಜೇಡಿಮಣ್ಣಿನಲ್ಲಿ ಮಾಡಿದ ಗೊಂಬೆಗಳು ಅವು. ಬರೀ ಮಣ್ಣಾಗಿದ್ದಾಗ ಬಹಳ ಚಂದ ಇದ್ದವು. ಹನ್ನೆರಡು ಗೊಂಬೆಗಳಿಗೆ ಬಣ್ಣ ಹಚ್ಚಿದರು ನೋಡಿ, ಅಲ್ಲಿಗೆ ಮೂಗು, ಮುಂಡಾಸು, ಕತ್ತಿ ಎಲ್ಲವೂ ಮಾಯವಾಗಿ ಕೆಂಪು ಮುದ್ದೆ, ನೀಲಿ ಮುದ್ದೆ ಎಂದಾಯಿತು. ಚಂದದ ಗೊಂಬೆ ಮಾಡಿದ್ದ ಏಳನೆಯ ತರಗತಿಯ ಒಬ್ಬಳು, "ನನ್ನ ಕೈಯೇ ಸರಿ ಇಲ್ಲ, ಇನ್ನು ನಾನು ಮುಟ್ಟುವುದಿಲ್ಲ" ಎಂದು ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿಬಿಟ್ಟಳು. ಅವಳ ಹಾಗೆ ಇನ್ನೂ ನಾಲ್ಕೈದು ಮಂದಿ ಹೇಳುತ್ತಿದ್ದಾರೆ. ವಸ್ತುಪ್ರದರ್ಶನಕ್ಕೆ ಮುಂಚೆ ಇಪ್ಪತ್ತೆಂಟು ಗೊಂಬೆ ಬಾಕಿ ಉಂಟು. ಹಾಗಾಗಿ ಈ ಪಾಠ.

ಕೈಯಲ್ಲಿ ತಪ್ಪಿಲ್ಲ. ದೊಡ್ಡ ವಸ್ತುವಿಗೆ ಬಣ್ಣ ಹಚ್ಚುವ ರೀತಿಯನ್ನೇ ಸಣ್ಣ ವಸ್ತುವಿಗೂ ಹಚ್ಚಿದ್ದು ಅದು, ಅಷ್ಟೇ. ಗೇಟಿಗೆ ಒಂದೇ ಬಣ್ಣ ಬಳಿದರೂ ಗೇಟು ಗೇಟಿನ ಹಾಗೆಯೇ ಕಾಣುತ್ತದೆ. ಯಾಕೆಂದರೆ ಬಿಸಿಲು ಅದರ ಮೇಲೆ ಬಿದ್ದು ತಾನೇ ನೆರಳು ಮಾಡಿಕೊಡುತ್ತದೆ. ಗೊಂಬೆಯ ಬಟ್ಟೆಯ ನೆರಿಗೆ ಒಂದು ನೂಲಿನಷ್ಟು ಆಳ. ಅಲ್ಲಿ ಬೀಳುವ ನೆರಳು ನಮ್ಮ ಕಣ್ಣಿಗೆ ಸಿಕ್ಕುವುದಿಲ್ಲ. ಆದ್ದರಿಂದ ಸಣ್ಣ ಗೊಂಬೆಯಲ್ಲಿ ನೆರಳನ್ನೂ ಬೆಳಕನ್ನೂ ನಾವೇ ಬಣ್ಣದಿಂದ ಬರೆಯಬೇಕು, ಅದೂ ನಿಜಕ್ಕಿಂತ ಜಾಸ್ತಿ ಮಾಡಿ ಬರೆಯಬೇಕು.

ಎಷ್ಟು ಜಾಸ್ತಿ ಎಂದು ಕೇಳಿದರೆ ಒಂದು ಲೆಕ್ಕ ಮಾಡುವ. ನಮ್ಮ ಗೊಂಬೆಯ ಎತ್ತರ 6 ಸೆಂಟಿಮೀಟರ್. ಒಬ್ಬ ಮನುಷ್ಯ ಸುಮಾರು 168 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. 168ನ್ನು 6ರಿಂದ ಭಾಗಿಸಿದರೆ 28. ಅಂದರೆ ಗೊಂಬೆ ಮನುಷ್ಯನ 28ನೆಯ ಒಂದು ಪಾಲು. ಅದನ್ನು ಕೈ ಚಾಚಿ 60 ಸೆಂಟಿಮೀಟರ್ ದೂರದಲ್ಲಿ ಹಿಡಿದು ನೋಡಿದರೆ, ನಿಜವಾದ ಮನುಷ್ಯನನ್ನು 60 ಗುಣಿಸು 28, ಅಂದರೆ 1680 ಸೆಂಟಿಮೀಟರ್ ದೂರದಿಂದ ನೋಡಿದ ಹಾಗೆ ಆಯಿತು. ಸುಮಾರು 17 ಮೀಟರ್. ಇನ್ನೊಂದು ರೀತಿ ಹೇಳುವುದಾದರೆ, ಯಕ್ಷಗಾನದಲ್ಲಿ ನಾವು ಹಿಂದಿನ ಸಾಲಿನಲ್ಲಿ ಚಾಪೆ ಹಾಕಿ ಕುಳಿತುಕೊಳ್ಳುತ್ತೇವಲ್ಲ, ಅಲ್ಲಿಂದ ವೇಷ ನೋಡಿದಷ್ಟು ದೂರ!

ಇದು ಗೊತ್ತಾದರೆ ಅರ್ಧ ಪಾಠ ಮುಗಿದ ಹಾಗೆ. ಯಕ್ಷಗಾನದ ಚೌಕಿಗೆ ಹೋಗಿ ಬಣ್ಣ ಹಚ್ಚುವುದನ್ನು ಹತ್ತಿರದಿಂದ ನೋಡಿದವರು ನಮ್ಮಲ್ಲಿ ತುಂಬಾ ಮಂದಿ ಇದ್ದಾರೆ. ಹತ್ತಿರದಿಂದ ಆ ಮುಖ ಹೇಗಿರುತ್ತದೆ? ಹುಬ್ಬು ಕಿವಿಯ ತನಕ ಎಳೆದ ಹಾಗೆ, ಕಣ್ಣಿನ ಸುತ್ತ ಕಾಡಿಗೆ ದಪ್ಪಕ್ಕೆ, ಕೆನ್ನೆ ಕೆಂಪು. ಬಣ್ಣದ ವೇಷವಾದರೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಬಿಳಿ ಚುಟ್ಟಿಯನ್ನು ಮುಳ್ಳಿನ ಹಾಗೆ ಸಾಲಾಗಿ ಇಟ್ಟಿರುತ್ತಾರೆ. "ಇದೆಂತ ಇಷ್ಟು ಜಾಸ್ತಿ?" ಎಂದು ಅನಿಸುತ್ತದೆ. ಅದೇ ವೇಷ ರಂಗಸ್ಥಳಕ್ಕೆ ಬಂದಾಗ, ಗದ್ದೆಯ ಕೊನೆಯಲ್ಲಿ ಕುಳಿತವನಿಗೂ ರಾಕ್ಷಸನ ಸಿಟ್ಟು ಕಾಣುತ್ತದೆ. ಹಿಂದಿನ ಕಾಲದಲ್ಲಿ ದೀವಟಿಗೆ ಬೆಳಕು, ಮತ್ತೆ ಗ್ಯಾಸ್‌ಲೈಟು. ಆ ಬೆಳಕಿನಲ್ಲಿ ದೂರಕ್ಕೆ ಕಾಣಬೇಕಾದರೆ ಬಣ್ಣವೇ ಮಾತಾಡಬೇಕಿತ್ತು. ನಮ್ಮ ಮಣ್ಣಿನ ಸೈನಿಕನೂ 17 ಮೀಟರ್ ದೂರದ ವೇಷಧಾರಿಯೇ. ಅವನಿಗೂ ಚೌಕಿಯ ಲೆಕ್ಕದಲ್ಲೇ ಬಣ್ಣ ಹಚ್ಚಬೇಕು. ಹಚ್ಚುವಾಗ ಹತ್ತಿರದಿಂದ "ಜಾಸ್ತಿಯಾಯಿತು" ಎಂದು ಅನಿಸಿದರೆ ಹೆದರಬೇಡಿ, ಕೈ ಚಾಚಿ ನೋಡಿ ಮತ್ತೆ ತೀರ್ಮಾನಿಸಿ.

ಹತ್ತಿರಕ್ಕೆ ಒಂದು, ದೂರಕ್ಕೆ ಒಂದು ಎಂಬುದನ್ನು ಇನ್ನೂ ಚಂದವಾಗಿ ನೋಡಬೇಕಾದರೆ ಮೂಡುಬಿದಿರೆಯ ಚೌಟರ ಅರಮನೆಗೆ ಹೋಗಿ. ಅಬ್ಬಕ್ಕ ಹುಟ್ಟಿದ ಚೌಟ ಮನೆತನದ ಅರಮನೆಯೇ ಅದು. ಅಲ್ಲಿಯ ಮರದ ಕಂಬದಲ್ಲಿ ನವನಾರಿ ಕುಂಜರ ಉಂಟು. ದೂರದಿಂದ ಆನೆ. ಹತ್ತಿರ ಹೋದರೆ ಒಂಬತ್ತು ಮಂದಿ ಹೆಂಗಸರು ಸೇರಿ ಆನೆಯಾಗಿದ್ದಾರೆ. ಹಾಗೆಯೇ ಐದು ಮಂದಿ ಸೇರಿ ಕುದುರೆಯಾದ ಪಂಚನಾರೀ ತುರಗ. ಕೆತ್ತಿದವನು ಮೊದಲು ಆನೆ ಕಾಣುವ ಹಾಗೆ ಮಾಡಿದ, ನಂತರ ಹೆಂಗಸರ ಒಡವೆ ಕೆತ್ತಿದ. ನಮ್ಮವರು ಉಲ್ಟಾ ಮಾಡುತ್ತಾರೆ. ಮೊದಲೇ ಸೊಂಟದ ಪಟ್ಟಿಯ ಗುಂಡಿಗೆ ಹೊರಡುತ್ತಾರೆ, ಕಡೆಗೆ ಸೈನಿಕನೇ ಕಾಣುವುದಿಲ್ಲ.

ಇಷ್ಟು ಸಣ್ಣ ಸೈನಿಕರಿಗೆ ಬಣ್ಣ ಹಚ್ಚುವುದು ನಮ್ಮ ಶಾಲೆಯಲ್ಲಿ ಮಾತ್ರ ಎಂದು ತಿಳಿಯಬೇಡಿ. ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗದ ಸೇನೆಯನ್ನು ಮಣೆಯ ಮೇಲೆ ನಿಲ್ಲಿಸಿ ಆಡುವ ಚತುರಂಗ ನಮ್ಮ ದೇಶದ್ದೇ. ಜರ್ಮನಿಯ ಪ್ರಷ್ಯದಲ್ಲಿ ಸೇನಾಧಿಕಾರಿಗಳು ನಕ್ಷೆಯ ಮೇಲೆ ತುಂಡುಗಳನ್ನು ಸರಿಸಿ ಯುದ್ಧ ಅಭ್ಯಾಸ ಮಾಡುವ ಆಟ 1824ರಲ್ಲಿ ಅಚ್ಚಾಗಿ ಬಂತು. 1913ರಲ್ಲಿ ಇಂಗ್ಲೆಂಡಿನ ಲೇಖಕರಾದ ಎಚ್. ಜಿ. ವೆಲ್ಸ್, ನೆಲದ ಮೇಲೆ ಆಟಿಕೆ ಸೈನಿಕರನ್ನು ನಿಲ್ಲಿಸಿ ಸ್ಪ್ರಿಂಗಿನ ಫಿರಂಗಿಯಿಂದ ಹೊಡೆದು ಆಡುವ ಆಟಕ್ಕೆ ನಿಯಮ ಬರೆದು 'ಲಿಟಲ್ ವಾರ್ಸ್' ಎಂಬ ಪುಸ್ತಕ ಮಾಡಿದರು. ಈಗ ಹೊರದೇಶಗಳಲ್ಲಿ ದೊಡ್ಡವರೇ ಮೇಜಿನ ಮೇಲೆ ದಾಳ ಹಾಕಿ ಇಂಥ ಯುದ್ಧ ಆಡುತ್ತಾರೆ. ಅವರ ಸೈನಿಕ ಹೆಚ್ಚಾಗಿ 28 ಮಿಲಿಮೀಟರ್, ನಮ್ಮದರ ಅರ್ಧಕ್ಕಿಂತಲೂ ಗಿಡ್ಡ. ನಮ್ಮ ಲೆಕ್ಕದಲ್ಲಿ ಅದು 36 ಮೀಟರ್ ದೂರದ ಮನುಷ್ಯ! ಮೇಜಿನ ಆಚೆ ನಿಂತವನಿಗೆ ಯಾವ ಪಡೆ ಯಾರದ್ದು ಎಂದು ಒಂದೇ ನೋಟಕ್ಕೆ ಗೊತ್ತಾಗಬೇಕು. ಬಣ್ಣದ ಕೆಲಸ ಮೊದಲು ಅದು, ಅಂದ ನಂತರ.

ಇನ್ನು ಕೆಲಸಕ್ಕೆ ಬರುವ.

ಗೊಂಬೆ ನೆರಳಿನಲ್ಲಿ ಒಣಗಬೇಕು. ಬಿಸಿಲಿಗೆ ಇಟ್ಟರೆ ಹೊರಗೆ ಬೇಗ ಒಣಗಿ ಒಳಗೆ ಹಸಿ ಉಳಿದು ಬಿರಿಯುತ್ತದೆ. ನಮ್ಮದು ಸುಡದ ಮಣ್ಣು, ಇದನ್ನು ನೆನಪಿಡಿ. ಸುಡದ ಮಣ್ಣಿಗೆ ನೀರು ತಾಗಿದರೆ ಕರಗುತ್ತದೆ. ನೇರ ಬಣ್ಣ ಹಚ್ಚಿದರೆ ಕುಂಚದ ನೀರಿಗೆ ಮಣ್ಣು ಎದ್ದು ಬಂದು ಬಣ್ಣ ಕೆಸರಾಗುತ್ತದೆ. ಮೊದಲ ಹನ್ನೆರಡು ಗೊಂಬೆಗಳ ಕೆಂಪು ಕಂದಾದದ್ದು ಹೀಗೆಯೇ. ಕೊಪ್ಪಳದ ಹತ್ತಿರ ಕಿನ್ನಾಳ ಎಂಬ ಊರು ಉಂಟು, ಅಲ್ಲಿಯ ಬಣ್ಣದ ಗೊಂಬೆಗಳು ಬಹಳ ಹೆಸರುವಾಸಿ. ಹಗುರ ಮರದ ಗೊಂಬೆ. ಅವರು ಕೂಡಾ ಮರಕ್ಕೆ ನೇರ ಬಣ್ಣ ಹಚ್ಚುವುದಿಲ್ಲ. ಹುಣಸೆ ಬೀಜದ ಅಂಟು ಸೇರಿಸಿದ ಲೇಪ ಕೊಟ್ಟು, ನಯಮಾಡಿ, ಅದರ ಮೇಲೆ ಬಣ್ಣ. (ಚನ್ನಪಟ್ಟಣದ್ದು ಬೇರೆಯೇ ವಿದ್ಯೆ. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಅದನ್ನು ನೋಡಿ ನಾವು ಮಾಡಲಿಕ್ಕೆ ಆಗುವುದಿಲ್ಲ.) ಹುಣಸೆ ಬೀಜ ಹುರಿದು ಅರೆದು ಕುದಿಸುವ ತಾಳ್ಮೆ ಇದ್ದವರು ಅದನ್ನೇ ಮಾಡಿ. ಇಲ್ಲದಿದ್ದರೆ ಫೆವಿಕಾಲಿಗೆ ಎರಡು ಪಾಲು ನೀರು ಹಾಕಿ, ಮೆತ್ತಗೆ ಒಂದು ಕೈ ಹಚ್ಚಿ. ಒತ್ತಿ ತಿಕ್ಕಬೇಡಿ. ಒಂದು ರಾತ್ರಿ ಒಣಗಲಿ. ಆಟಿ ತಿಂಗಳ ಮಳೆಯಲ್ಲಾದರೆ ಎರಡು ರಾತ್ರಿ ಬಿಡಿ, ಅವಸರ ಮಾಡಿದರೆ ಅಂಟು ಬೆರಳಿಗೇ ಬರುತ್ತದೆ. ಅದರ ಮೇಲೆ ತೆಳ್ಳಗೆ ಬೂದು ಅಥವಾ ತಿಳಿ ಕಂದು ಬಣ್ಣ. ಬಿಳಿಯ ಮೇಲೆ ಹಚ್ಚಿದರೆ ಕುಂಚ ಮುಟ್ಟದ ಸಂದುಗಳೆಲ್ಲ ಬೆಳ್ಳಗೆ ಹಲ್ಲು ಕಿಸಿಯುತ್ತವೆ. ಬೂದು ಕಂದಿನಲ್ಲಿ ಬಿಟ್ಟುಹೋದ ಸಂದು ನೆರಳಿನ ಹಾಗೆ ಕಾಣುತ್ತದೆ. ಕಲಿಯುವವರಿಗೆ ಇದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿರುವುದು ಪೋಸ್ಟರ್ ಬಣ್ಣ. ಅದು ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಒಂದರ ಮೇಲೆ ಒಂದು ಹಚ್ಚುವಾಗ ಕೆಳಗಿನದ್ದು ಎದ್ದು ಬರುತ್ತದೆ. ಬಟ್ಟೆಗೆ ಹಚ್ಚುವ ಫ್ಯಾಬ್ರಿಕ್ ಪೇಂಟ್ ಒಣಗಿದ ಮೇಲೆ ಕರಗುವುದಿಲ್ಲ. ನಿಮ್ಮ ಅಕ್ಕಂದಿರು ಸೀರೆಗೆ ಹೂ ಬಿಡಿಸಿ ಉಳಿಸಿದ ಸಣ್ಣ ಬಾಟ್ಲಿಗಳು ಮನೆಯಲ್ಲಿದ್ದರೆ ಕೇಳಿ ತನ್ನಿ. ಅದೂ ಇಲ್ಲದಿದ್ದರೆ ಪೋಸ್ಟರ್ ಬಣ್ಣಕ್ಕೇ ನಾಲ್ಕು ಹನಿ ಫೆವಿಕಾಲ್ ಬೆರೆಸಿ, ಪೂರ್ತಿ ಅಲ್ಲದಿದ್ದರೂ ತಕ್ಕಮಟ್ಟಿಗೆ ಹಿಡಿದು ನಿಲ್ಲುತ್ತದೆ. ಎಲ್ಲಾ ಬಣ್ಣ ಕೊಳ್ಳಬೇಕೆಂದಿಲ್ಲ. ಬಿಳಿ, ಕಪ್ಪು, ಕೆಂಪು, ಹಳದಿ, ನೀಲಿ, ಕಂದು ಇದ್ದರೆ ಸಾಕು, ಉಳಿದದ್ದು ಒಡೆದ ಪಿಂಗಾಣಿ ಬಸಿಯಲ್ಲಿ ಬೆರೆಸಿಕೊಳ್ಳಿ. ಹೆಂಚಿನ ಚೂರಿನಲ್ಲಿ ಬೆರೆಸಬೇಡಿ, ಅದು ಬಣ್ಣದ ನೀರನ್ನೆಲ್ಲ ಕುಡಿದುಬಿಡುತ್ತದೆ.

ಬಣ್ಣ ಎಷ್ಟು ತೆಳು ಇರಬೇಕು? ನೀರುದೋಸೆಯ ಹಿಟ್ಟಿನ ಹಾಗೆ. ಉದ್ದಿನ ದೋಸೆಯ ಹಿಟ್ಟಿನ ಹಾಗೆ ಅಲ್ಲ! ದಪ್ಪ ಬಣ್ಣ ಒಂದೇ ಸಲಕ್ಕೆ ಮುಚ್ಚುತ್ತದೆ ನಿಜ, ಆದರೆ ಮೂಗು ತುಟಿಗಳನ್ನೂ ಮುಚ್ಚುತ್ತದೆ. ಹೇಳಿದೆನಲ್ಲ, ನೂಲಿನಷ್ಟು ಆಳದ ನೆರಿಗೆ, ಎರಡು ದಪ್ಪ ಕೈ ಹಚ್ಚಿದರೆ ಅದು ತುಂಬಿಯೇ ಹೋಯಿತು. ತೆಳುವಾಗಿ ಎರಡು ಸಲ, ಮೊದಲನೆಯದು ಒಣಗಿದ ಮೇಲೆಯೇ ಎರಡನೆಯದು. ಮೊದಲ ಕೈ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಆಗ ಮನಸ್ಸು ಕೆಡಿಸಿಕೊಂಡು ಮತ್ತೆ ಮತ್ತೆ ತಿಕ್ಕುತ್ತಾರೆ. ತಿಕ್ಕಬಾರದು, ಎದ್ದು ಹೋಗಿ ನೀರು ಕುಡಿದು ಬನ್ನಿ.

ಸಣ್ಣ ಗೊಂಬೆಗೆ ಅತಿ ಸಣ್ಣ ಕುಂಚವೇ ಬೇಕು ಎಂದು ಎಲ್ಲರೂ ಸೊನ್ನೆ ನಂಬರಿನದ್ದಕ್ಕೆ ಜಗಳ ಮಾಡುತ್ತಾರೆ. ಅದರಲ್ಲಿ ಬಣ್ಣ ನಿಲ್ಲುವುದೇ ಒಂದು ಹನಿ, ಬಸಿಯಿಂದ ಗೊಂಬೆಗೆ ಬರುವಷ್ಟರಲ್ಲಿ ಅದೂ ಒಣಗಿರುತ್ತದೆ. ತುದಿ ಚೂಪಾಗಿರುವ ಎರಡನೆಯ ನಂಬರಿನ ಕುಂಚ ಒಂದಿದ್ದರೆ ಗೊಂಬೆಯ ಮುಕ್ಕಾಲು ಭಾಗ ಮುಗಿಯುತ್ತದೆ. ಕುಂಚವನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಊಟಕ್ಕೆ ಹೋಗುವುದನ್ನು ದಯವಿಟ್ಟು ನಿಲ್ಲಿಸಿ, ಕೂದಲು ಬಾಗಿ ಪೊರಕೆಯಾಗುತ್ತದೆ. ಚುಕ್ಕಿ ಇಡಲಿಕ್ಕೆ ಕುಂಚ ಬೇಡವೇ ಬೇಡ, ಹಿಡಿಸೂಡಿಯ ಕಡ್ಡಿ ಸಾಕು. ಕಡ್ಡಿಯ ತುದಿ ಅದ್ದಿ ಮುಟ್ಟಿಸಿದರೆ ಎಲ್ಲಾ ಚುಕ್ಕಿ ಒಂದೇ ಗಾತ್ರಕ್ಕೆ ಬರುತ್ತದೆ.

ಗೊಂಬೆಯನ್ನು ಬೆರಳಿನಲ್ಲಿ ಹಿಡಿದು ಹಚ್ಚಿದರೆ ಹಚ್ಚಿದ ಬಣ್ಣ ಬೆರಳಿಗೆ, ಬೆರಳಿನ ಎಣ್ಣೆ ಗೊಂಬೆಗೆ. ಒಂದು ಗೇಣು ಬಿದಿರಿನ ತುಂಡಿನ ಮೇಲೆ ಸ್ವಲ್ಪ ಹಲಸಿನ ಮೇಣ ಇಟ್ಟು ಗೊಂಬೆಯ ಪೀಠವನ್ನು ಅಂಟಿಸಿ. ಈಗ ಬಿದಿರನ್ನು ತಿರುಗಿಸಿದರೆ ಗೊಂಬೆಯೂ ತಿರುಗುತ್ತದೆ. ಮೇಣ ಕೈಗೆ ಅಂಟಿದರೆ ತೆಂಗಿನೆಣ್ಣೆ ಹಾಕಿ ತಿಕ್ಕಿ, ಇದನ್ನು ನಾನು ಹೇಳಬೇಕೆಂದಿಲ್ಲ. ಎರಡೂ ಕೈಗಳ ಮಣಿಕಟ್ಟುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದರೆ ಕೈ ನಡುಗಿದರೂ ಎರಡೂ ಒಟ್ಟಿಗೆ ನಡುಗುತ್ತವೆ, ಗೆರೆ ತಪ್ಪುವುದಿಲ್ಲ. ಇದು ಮಾಡಿ ನೋಡಿದರೆ ಮಾತ್ರ ನಂಬಿಕೆ ಬರುವಂಥದ್ದು.

ಈಗ ಮುಖ್ಯವಾದದ್ದು, ನೆರಳು ಮತ್ತು ಬೆಳಕು. ಒಳಗಿನದ್ದು ಮೊದಲು, ಹೊರಗಿನದ್ದು ನಂತರ. ಮೈಬಣ್ಣ, ಅದರ ಮೇಲೆ ಬಟ್ಟೆ, ಅದರ ಮೇಲೆ ಪಟ್ಟಿ, ಕತ್ತಿ. ನಾವು ಬಟ್ಟೆ ಹಾಕಿಕೊಳ್ಳುವ ಕ್ರಮವೇ ಇದು. ಎಲ್ಲಾ ಒಣಗಿದ ಮೇಲೆ ಕಂದು ಬಣ್ಣಕ್ಕೆ ನೀರು ಹಾಕಿ, ಹಾಲು ಹಾಕದ ಚಾದಷ್ಟು ತೆಳು ಮಾಡಿ ಇಡೀ ಗೊಂಬೆಗೆ ಹಚ್ಚಿ. ಅದು ತಾನಾಗಿ ಇಳಿದು ನೆರಿಗೆಗಳಲ್ಲಿ, ಕಣ್ಣಿನ ಗುಳಿಯಲ್ಲಿ, ಬೆರಳುಗಳ ಸಂದಿನಲ್ಲಿ ನಿಲ್ಲುತ್ತದೆ. ಎಲ್ಲಿಯಾದರೂ ಕೆರೆಯ ಹಾಗೆ ಮಡುಗಟ್ಟಿದರೆ ಒಣ ಕುಂಚದ ತುದಿಯಿಂದ ಹೀರಿ ತೆಗೆಯಿರಿ. ಇದೆಂತ ಮಾಯಾಜಾಲ ಎಂದು ಕೇಳುವವರು ನಮ್ಮ ಶಾಲೆಯ ಕೆಂಪುಕಲ್ಲಿನ ಪಾಗಾರವನ್ನು ಮಳೆಗಾಲ ಮುಗಿದ ಮೇಲೆ ನೋಡಿ. ತೂತುಗಳಲ್ಲಿ ಕಪ್ಪು ಪಾಚಿ ಕುಳಿತಿರುತ್ತದೆ, ಎದ್ದ ಅಂಚುಗಳು ಕೆಂಪಾಗಿಯೇ ಇರುತ್ತವೆ. ಅದರಿಂದಲೇ ಕಲ್ಲಿನ ಒಂದೊಂದು ತೂತೂ ದೂರದಿಂದ ಕಾಣುವುದು. ಮಳೆ ಮಾಡುವ ಕೆಲಸವನ್ನು ನಾವು ಕುಂಚದಿಂದ ಮಾಡುತ್ತೇವೆ. (ಪೋಸ್ಟರ್ ಬಣ್ಣದ ಗೊಂಬೆಗೆ ಈ ಕೈ ಕೊಡುವ ಮೊದಲು ನೀರು ಹಾಕಿದ ಫೆವಿಕಾಲನ್ನು ಇನ್ನೊಮ್ಮೆ ಮೆತ್ತಗೆ ಹಚ್ಚಿ ಒಣಗಿಸಲೇಬೇಕು. ಇಲ್ಲವಾದರೆ ಕೆಳಗಿನ ಬಣ್ಣವೂ ಚಾದೊಟ್ಟಿಗೆ ಹೊರಟಿತು.)

ನೆರಳಿಗೆ ಬರೀ ಕಪ್ಪು ಹಾಕಬೇಡಿ. ಕಪ್ಪು ಹಾಕಿದರೆ ಸೈನಿಕ ಒಲೆಯಿಂದ ಎದ್ದು ಬಂದವನ ಹಾಗೆ ಆಗುತ್ತಾನೆ. ಕಂದಿಗೆ ಒಂದು ಚೂರು ನೀಲಿ ಸೇರಿಸಿದರೆ ಒಳ್ಳೆಯ ಗಾಢ ನೆರಳು ಸಿಗುತ್ತದೆ. ಬೆಳಕಿಗೂ ಹಾಗೆಯೇ, ಬರೀ ಬಿಳಿ ಬೇಡ. ಕೆಂಪಿಗೆ ಬಿಳಿ ಸೇರಿಸಿದರೆ ಗುಲಾಬಿಯಾಗುತ್ತದೆ, ಅಬ್ಬಕ್ಕನ ಸೈನಿಕನಿಗೆ ಗುಲಾಬಿ ಮುಂಡಾಸು ಯಾಕೆ? ಕೆಂಪಿಗೆ ಹಳದಿ ಸೇರಿಸಿ ಕೇಸರಿಯ ಕಡೆಗೆ ತನ್ನಿ.

ಬೆಳಕು ಕೊಡಲಿಕ್ಕೆ ಸುಲಭದ ದಾರಿ ಒಣಕುಂಚ. ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಎದ್ದ ಭಾಗ ಮಾತ್ರ ಮೂಡುತ್ತದಲ್ಲ, ಅದೇ ಇದು. ಹಳೆಯ ಗಡಸು ಕುಂಚಕ್ಕೆ ತಿಳಿಬಣ್ಣ ತೆಗೆದುಕೊಂಡು, ಬಟ್ಟೆಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಎನ್ನುವಷ್ಟಾದ ಮೇಲೆ ಗೊಂಬೆಯ ಮೇಲೆ ಹಗುರವಾಗಿ ಆಡಿಸಿ. ನೆರಿಗೆಯ ಏಣು, ಮೂಗಿನ ತುದಿ, ಗಡ್ಡದ ಕೂದಲು ಒಂದೊಂದಾಗಿ ಎದ್ದು ಬರುತ್ತವೆ. ಪೆಟ್ಟಿಗೆಯ ತಳಕ್ಕೆ ಹೋಗಿದ್ದ ಆ ಗೊಂಬೆಗೆ ಕಂದು ನೀರು ಮತ್ತು ಒಣಕುಂಚ ಎರಡೇ ಕೈ ಕೊಟ್ಟದ್ದು, ಮುಂಡಾಸಿನ ಸುತ್ತು ಎಷ್ಟು ಎಂದು ಎಣಿಸುವ ಹಾಗೆ ಆಯಿತು. ಸುತ್ತನ್ನು ಮಾಡಿದ್ದು ಅವಳೇ, ಬಣ್ಣ ಅದನ್ನು ತೋರಿಸಿದ್ದು ಮಾತ್ರ.

ಮುಖದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಎಲ್ಲರೂ ನೋಡುವುದು ಅದನ್ನೇ. ಹೆಚ್ಚಿನವರು ಇಡೀ ಗೊಂಬೆ ಮುಗಿಸಿ ಕೊನೆಗೆ ಕಣ್ಣು ಬರೆಯುತ್ತಾರೆ. ಅಷ್ಟು ಹೊತ್ತಿಗೆ ಕೈ ಸೋತಿರುತ್ತದೆ, ಕಣ್ಣು ತಪ್ಪಿದರೆ ಚಂದದ ಕೆನ್ನೆಯೂ ಹೋಯಿತು. ಕಣ್ಣನ್ನು ಮೊದಲು ಬರೆಯಿರಿ. ಗುಳಿಗೆ ಗಾಢ ಕಂದು, ಅದರ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ, ಅದರಲ್ಲಿ ಕಡ್ಡಿಯಿಂದ ಕಪ್ಪು ಚುಕ್ಕಿ. ಗೆರೆ ಆಚೀಚೆ ಹೋದರೂ ತೊಂದರೆ ಇಲ್ಲ, ನಂತರ ಮೈಬಣ್ಣ ತುಂಬುವಾಗ ಸುತ್ತಲಿಂದ ತಿದ್ದಿಕೊಂಡು ಬರಬಹುದು. ಎರಡು ಚುಕ್ಕಿಗಳನ್ನು ಸರೀ ನಡುವೆ ಇಟ್ಟರೆ ಸೈನಿಕ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ನೋಡಿದವನ ಹಾಗೆ ಕಣ್ಣು ಬಿಡುತ್ತಾನೆ. ಎರಡನ್ನೂ ಒಂದೇ ಬದಿಗೆ ಸ್ವಲ್ಪ ಸರಿಸಿ, ಯಾರನ್ನೋ ನೋಡುತ್ತಿದ್ದಾನೆ ಎಂದು ಅನಿಸುತ್ತದೆ. ಕೋಟೆಯ ಮೇಲಿನವರು ಸಮುದ್ರದ ಕಡೆಗೆ ನೋಡಲಿ. ಮೈಬಣ್ಣ ಕಂದು, ಹಳದಿ, ಚೂರು ಕೆಂಪು ಸೇರಿಸಿದರೆ ಬರುತ್ತದೆ. ಅದಕ್ಕೆ ಇನ್ನೂ ಸ್ವಲ್ಪ ಹಳದಿ ಮತ್ತು ಬಿಳಿ ಸೇರಿಸಿ ಹಣೆ, ಮೂಗು, ಕೆನ್ನೆಯ ಎಲುಬಿಗೆ ಒಂದೊಂದು ಮುಟ್ಟು. ಕೆಳತುಟಿಯ ಅಡಿಯಲ್ಲಿ ಒಂದು ಕಂದು ಗೆರೆ. ತುಟಿಗೆ ಕೆಂಪು ಹಚ್ಚಲೇಬೇಕೆಂದಿಲ್ಲ, ಅವರು ಸ್ತ್ರೀವೇಷದವರಲ್ಲ.

ನಲವತ್ತು ಮಂದಿಗೆ ನಲವತ್ತು ಬಗೆಯ ಬಟ್ಟೆ ಬೇಡ ಎಂದು ನನ್ನ ವಿನಂತಿ. ಒಂದು ಪಡೆಗೆ ಮೂರೇ ಬಣ್ಣ ಸಾಕು. ಅಬ್ಬಕ್ಕನ ಕಡೆಯವರಿಗೆ ಕೆಂಪು ಮುಂಡಾಸು, ಮಾಸಿದ ಬಿಳಿ ಕಚ್ಚೆ, ಬರಿಮೈಯ ಕಂದು. ಪೋರ್ಚುಗೀಸರಿಗೆ ಬೂದು ಕಬ್ಬಿಣದ ಟೊಪ್ಪಿ ಮತ್ತು ಎದೆಕವಚ, ಗಾಢ ನೀಲಿ ಬಟ್ಟೆ. ಕಬ್ಬಿಣಕ್ಕೆ ಬೆಳ್ಳಿ ಬಣ್ಣ ಇಲ್ಲವೆಂದು ಚಿಂತೆ ಬೇಡ. ಗಾಢ ಬೂದು ಹಚ್ಚಿ, ಅಂಚಿಗೆ ತಿಳಿ ಬೂದು, ಒಂದೇ ಒಂದು ಕಡೆ ಬಿಳಿ ಚುಕ್ಕಿ ಇಟ್ಟರೆ ಕಬ್ಬಿಣ ಹೊಳೆಯುತ್ತದೆ. ಆದರೆ ಮುಗಿದ ಗೊಂಬೆಗೆ ಬಾಗಿಲಿನ ವಾರ್ನಿಶ್ ಮಾತ್ರ ಹಚ್ಚಬೇಡಿ. ಹೊಳಪು ಬಂದರೆ ಕಿಟಕಿಯ ಬೆಳಕೆಲ್ಲ ಗೊಂಬೆಯ ಮೇಲೆ ಮಿಂಚಿ, ನಾವು ಕಷ್ಟಪಟ್ಟು ಬರೆದ ನೆರಳನ್ನು ತಿಂದುಹಾಕುತ್ತದೆ.

ಮೊದಲು ಒಂದು ಗೊಂಬೆಯನ್ನು ಪೂರ್ತಿ ಮುಗಿಸಿ ಮಾದರಿಯಾಗಿ ಎದುರಿಗೆ ಇಟ್ಟುಕೊಳ್ಳಿ. ನಂತರ ಐದೈದರ ಸಾಲು ಮಾಡಿ, ಐದಕ್ಕೂ ಮೈಬಣ್ಣ, ಐದಕ್ಕೂ ಬಟ್ಟೆ, ಹೀಗೆ ಹೋಗಿ. ಐದನೆಯದು ಮುಗಿಯುವಾಗ ಮೊದಲನೆಯದು ಒಣಗಿರುತ್ತದೆ, ಕಾಯುವ ಕೆಲಸ ಇಲ್ಲ. ಇಪ್ಪತ್ತನ್ನು ಒಟ್ಟಿಗೆ ಹಿಡಿಯಬೇಡಿ, ಬೇಸರ ಬಂದು ಬಿಟ್ಟುಬಿಡುತ್ತೀರಿ. ಹಾಳಾಯಿತು ಎಂದು ಕಾಣುವ ಆ ಹನ್ನೆರಡನ್ನು ಎಸೆಯಬೇಡಿ. ಬಣ್ಣ ದಪ್ಪವಾಗಿದ್ದರೂ ಕಂದು ನೀರು ಮತ್ತು ಒಣಕುಂಚಕ್ಕೆ ಅವುಗಳಲ್ಲಿ ಒಂಬತ್ತು ಗೊಂಬೆ ಬದುಕುತ್ತವೆ ಎಂದು ನನಗೆ ಕಾಣುತ್ತದೆ. ಉಳಿದ ಮೂರರ ಮುಖ ಪೂರ್ತಿ ಮುಚ್ಚಿಹೋಗಿದೆ, ಅವರನ್ನು ಹಡಗಿನ ಒಳಗೆ ಬೆನ್ನು ಹಾಕಿ ನಿಲ್ಲಿಸುವ.

ಶನಿವಾರ ಬೆಳಗ್ಗಿನ ತರಗತಿ ಬಿಟ್ಟ ಮೇಲೆ ಸಮಾಜದ ಮಾಷ್ಟ್ರು ಕೋಣೆಯ ಬೀಗ ತೆಗೆದುಕೊಡಲು ಒಪ್ಪಿದ್ದಾರೆ. ಬರುವವರು ಒಂದು ಒಡೆದ ಬಸಿ, ಹಳೆಯ ಬನಿಯನ್ ತುಂಡು, ಎರಡು ಹಿಡಿಸೂಡಿ ಕಡ್ಡಿ ತನ್ನಿ. ಹಲಸಿನ ಮೇಣ ನಾನು ತರುತ್ತೇನೆ. ಕಿಟಕಿಯ ಬದಿಯ ಬೆಂಚು ಏಳನೆಯ ತರಗತಿಯವರಿಗೆ, ಅಲ್ಲಿ ಬೆಳಕು ಚೆನ್ನಾಗಿ ಉಂಟು.